ಹೇಳಿ ಮಾಡಿಸಿದ ಗಿಟಾರ್: ನಜರೆತ್ ಕಾರ್ಖಾನೆಗೆ ವರ್ತಕರು ಬರೆದ ಕಾಗದಗಳು

ಯಾವ ಊರಿನ ವಾದ್ಯದಂಗಡಿಗೆ ಹೋಗಿ ಉಕ್ಕಿನ ತಂತಿಯ ಗಿಟಾರ್ ಕೇಳಿದರೂ ಇಂದು ಗೋಡೆಯಿಂದ ಇಳಿಸಿಕೊಡುವ ವಾದ್ಯಕ್ಕೆ ಬಹುಮಟ್ಟಿಗೆ ಒಂದೇ ರೂಪವಿರುತ್ತದೆ: ಸೊಂಟ ಅಷ್ಟಾಗಿ ಒಳಸರಿಯದ ದೊಡ್ಡ ಒಡಲು, ಕತ್ತು ಒಡಲನ್ನು ಕೂಡುವ ಜಾಗದವರೆಗೆ 14 ಮೆಟ್ಟಿಲು. ವೀಣೆಯಲ್ಲಿ ಮೆಟ್ಟಿಲು ಎಂದು ಕರೆಯುವುದನ್ನೇ ಗಿಟಾರ್ ನುಡಿಸುವವರು ಫ್ರೆಟ್ ಎನ್ನುತ್ತಾರೆ. ಈ ರೂಪ ಎಷ್ಟು ಸಹಜವಾಗಿ ಕಾಣುತ್ತದೆಯೆಂದರೆ, ಗಿಟಾರ್ ಹುಟ್ಟಿದಂದಿನಿಂದಲೂ ಹೀಗೆಯೇ ಇತ್ತೆಂದು ಅನೇಕರು ತಿಳಿದಿರುತ್ತಾರೆ. ವಾಸ್ತವದಲ್ಲಿ ದೊಡ್ಡ ಒಡಲು 1916ರಲ್ಲಿಯೂ 14 ಮೆಟ್ಟಿಲಿನ ಕತ್ತು 1929ರಲ್ಲಿಯೂ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಜರೆತ್ ಎಂಬ ಸಣ್ಣ ಪಟ್ಟಣದಲ್ಲಿ ರೂಪುಗೊಂಡವು, ಮತ್ತು ಎರಡೂ ಸಲ ಅಲ್ಲಿನ ಮಾರ್ಟಿನ್ ಕಾರ್ಖಾನೆಯನ್ನು ಹೊಸ ದಾರಿಗೆ ಎಳೆದದ್ದು ವಾದ್ಯದಂಗಡಿಯ ಕಡೆಯಿಂದ ಬಂದ ಬೇಡಿಕೆಯೇ ಆಗಿತ್ತು. ಗಿಟಾರಿನ ಇತಿಹಾಸವನ್ನು ಬರೆದವರು ತಯಾರಕನಿಗೂ ವಾದಕನಿಗೂ ಅವರವರ ಗೌರವ ಸಲ್ಲಿಸಿದ್ದಾರೆ. ಇಬ್ಬರ ನಡುವೆ ನಿಂತು ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸಿದ ವರ್ತಕನಿಗೆ ಮಾತ್ರ ಸಲ್ಲಬೇಕಾದಷ್ಟು ಸಂದಿಲ್ಲ.

ಕನ್ನಡದಲ್ಲಿ ಒಂದು ವಸ್ತು ಒಬ್ಬರಿಗೆ ಸರಿಯಾಗಿ ಒಪ್ಪಿದಾಗ ‘ಹೇಳಿ ಮಾಡಿಸಿದ ಹಾಗಿದೆ’ ಎನ್ನುವುದುಂಟು. ಗಿಟಾರ್ ವ್ಯಾಪಾರದಲ್ಲಿ ‘ಕಸ್ಟಮ್’ ಎಂಬ ಮಾತಿಗೆ ಅದೇ ಅರ್ಥ: ಕಂಪನಿಯ ಬೆಲೆಪಟ್ಟಿಯಲ್ಲಿ ಇಲ್ಲದ ಅಳತೆ, ಮರ, ಅಲಂಕಾರ ಅಥವಾ ಒಳರಚನೆಯನ್ನು ಕೇಳಿ ಮಾಡಿಸಿಕೊಂಡ ವಾದ್ಯ. ಆದರೆ ಹೇಳುವವನು ಮಾಡುವವನಿಗೆ ನೇರವಾಗಿ ಹೇಳುವ ಪದ್ಧತಿ ಇಲ್ಲಿ ಬೆಳೆಯಲಿಲ್ಲ. ಕಾರ್ಖಾನೆ ಒಂದು ಮೂಲೆಯಲ್ಲಿ, ಗಿರಾಕಿಗಳು ಖಂಡದ ಉದ್ದಗಲಕ್ಕೆ ಹರಡಿಕೊಂಡಿದ್ದ ದೇಶದಲ್ಲಿ ನಡುವೆ ಡೀಲರ್ ಬೇಕಾದ. ಡೀಲರ್ ಎಂದರೆ ಕಂಪನಿಯಿಂದ ರಿಯಾಯಿತಿ ದರದಲ್ಲಿ ಸರಕು ಕೊಂಡು ತನ್ನ ಊರಿನಲ್ಲಿ ಮಾರಲು ಒಪ್ಪಂದ ಮಾಡಿಕೊಂಡ ವರ್ತಕ. ಗಿರಾಕಿಯ ಬೇಡಿಕೆಯನ್ನು ಬರೆದುಕೊಳ್ಳುವುದು, ಅದಕ್ಕೆ ಮುಂಗಡ ಹಿಡಿಯುವುದು, ಕಾರ್ಖಾನೆಯೊಡನೆ ಕಾಗದ ನಡೆಸುವುದು, ವಾದ್ಯ ಬಂದಾಗ ತಂತಿ ಏರಿಸಿ ಒಪ್ಪಿಸುವುದು, ಗಿರಾಕಿ ಬೇಡವೆಂದರೆ ನಷ್ಟವನ್ನು ಹೊರುವುದು, ಇವೆಲ್ಲ ಅವನ ಪಾಲಿನ ಕೆಲಸಗಳಾದವು.

ಈ ಕಾರ್ಖಾನೆಯ ಮೂಲಪುರುಷನೂ ಮೊದಲಿಗೆ ಅಂಗಡಿಯವನೇ ಆಗಿದ್ದನೆಂಬುದು ಗಮನಾರ್ಹ. ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1796ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಷೆನ್ ಎಂಬ ಊರಿನಲ್ಲಿ ಮರಗೆಲಸದ ಮನೆತನದಲ್ಲಿ ಹುಟ್ಟಿದ. ವಿಯೆನ್ನಾದ ಹೆಸರಾಂತ ಗಿಟಾರ್ ತಯಾರಕ ಯೋಹಾನ್ ಗೆಯೋರ್ಗ್ ಸ್ಟೌಫರ್ ಬಳಿ ಕೆಲಸ ಕಲಿತ. ಊರಿಗೆ ಮರಳಿದಾಗ ಅಲ್ಲಿ ಪಿಟೀಲು ಮಾಡುವವರ ಶ್ರೇಣಿಗೂ ಪೀಠೋಪಕರಣ ಮಾಡುವ ಬಡಗಿಗಳ ಶ್ರೇಣಿಗೂ ಜಗಳ ನಡೆದಿತ್ತು. ಶ್ರೇಣಿಯೆಂದರೆ ಒಂದೊಂದು ಕಸುಬಿನವರು ಕಟ್ಟಿಕೊಂಡ, ಆ ಕಸುಬಿನ ಹಕ್ಕನ್ನು ತಮ್ಮಲ್ಲಿಯೇ ಇಟ್ಟುಕೊಂಡ ಸಂಘ. ಗಿಟಾರ್ ಮಾಡುವ ಅಧಿಕಾರ ತಮಗೆ ಮಾತ್ರ ಇದೆಯೆಂದು ಪಿಟೀಲಿನವರು, ಮೊದಲಿನಿಂದ ಮಾಡಿಕೊಂಡು ಬಂದವರು ತಾವೆಂದು ಬಡಗಿಗಳು ವಾದಿಸುತ್ತಿದ್ದರು. ಬಡಗಿಗಳ ಪಕ್ಷಕ್ಕೆ ಸೇರಿದ್ದ ಮಾರ್ಟಿನ್ 1833ರಲ್ಲಿ ದೇಶ ಬಿಟ್ಟು ನ್ಯೂಯಾರ್ಕ್ ಸೇರಿ ಹಡ್ಸನ್ ಬೀದಿಯ 196ನೇ ನಂಬರಿನಲ್ಲಿ ಅಂಗಡಿ ತೆರೆದ. ಅಲ್ಲಿ ತಾನು ಮಾಡಿದ ಗಿಟಾರುಗಳ ಜೊತೆಗೆ ಇತರರ ವಾದ್ಯಗಳನ್ನೂ ಅಚ್ಚಾದ ಸಂಗೀತ ಹಾಳೆಗಳನ್ನೂ ಮಾರುತ್ತಿದ್ದ. ಕೆಲವೇ ವರ್ಷಗಳಲ್ಲಿ ಪಟ್ಟಣದ ಗದ್ದಲ ಬೇಡವೆನಿಸಿ, ಜರ್ಮನ್ ಮಾತಾಡುವ ಮೊರೇವಿಯನ್ ಕ್ರೈಸ್ತರು ನೆಲೆಸಿದ್ದ ನಜರೆತ್ ಕಡೆಗೆ ಸಂಸಾರ ಸಮೇತ ಹೊರಟುಹೋದ. ತಯಾರಕ ಮತ್ತು ಅಂಗಡಿಯವ ಎಂಬ ಎರಡು ಪಾತ್ರಗಳು ಬೇರ್ಪಟ್ಟದ್ದು ಆ ವಲಸೆಯಿಂದ. ನೂರು ಕಿಲೋಮೀಟರಿಗೂ ದೂರದ ಹಳ್ಳಿಯಲ್ಲಿ ಕೂತವನಿಗೆ ನ್ಯೂಯಾರ್ಕಿನ ಗಿರಾಕಿಯ ಮನಸ್ಸು ತಿಳಿಯಬೇಕಾದರೆ ಅಲ್ಲೊಬ್ಬ ಮಧ್ಯಸ್ಥ ಇರಲೇಬೇಕಾಗಿತ್ತು.

ಅಂಥವರಲ್ಲಿ ಮುಖ್ಯನಾದವನು ಜಾನ್ ಕೂಪಾ. ಅವನು ಬರಿಯ ವ್ಯಾಪಾರಿಯಾಗಿರಲಿಲ್ಲ, ನ್ಯೂಯಾರ್ಕಿನಲ್ಲಿ ಗಿಟಾರ್ ಪಾಠ ಹೇಳುತ್ತಿದ್ದ ಗುರು; 1840ರ ದಶಕದ ಕೆಲವು ಗಿಟಾರುಗಳ ಒಳಗೆ ‘ಮಾರ್ಟಿನ್ ಮತ್ತು ಕೂಪಾ’ ಎಂಬ ಜೋಡಿ ಹೆಸರಿನ ಚೀಟಿ ಇಂದಿಗೂ ಕಾಣುತ್ತದೆ. ಆ ಕಾಲದಲ್ಲಿ ಅಮೆರಿಕಕ್ಕೆ ಬಂದ ಸ್ಪೇನಿನ ವಾದಕರ ಕೈಯಲ್ಲಿದ್ದ ಗಿಟಾರುಗಳು ವಿಯೆನ್ನಾ ಮಾದರಿಯವಕ್ಕಿಂತ ದೊಡ್ಡವಾಗಿ, ತುಂಬುನಾದ ಕೊಡುವಂಥವಾಗಿದ್ದವು. ಪಾಠಕ್ಕೆ ಬರುವವರು ಅಂಥದ್ದನ್ನೇ ಕೇಳತೊಡಗಿದಾಗ ಮಾರ್ಟಿನ್ ತನ್ನ ಗುರುವಿನ ಮನೆಯ ಮಾದರಿಯನ್ನು ಹಂತಹಂತವಾಗಿ ಬಿಟ್ಟುಕೊಟ್ಟ. ಸ್ಪೇನಿನ ವಾದಕಿ ಮದಾಮ್ ದೆ ಗೋನಿ ಅವರಿಗಾಗಿ 1843ರಲ್ಲಿ ಮಾಡಿದ ದೊಡ್ಡ ಗಿಟಾರಿನ ಮೇಲ್ಹಲಗೆಯ ಒಳಮೈಯಲ್ಲಿ ಎರಡು ಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ಹಾಯ್ದುಹೋಗುತ್ತವೆ. ಮೇಲ್ಹಲಗೆ ತಂತಿಯ ಎಳೆತಕ್ಕೆ ಬಾಗದಂತೆ ಅದರ ಅಡಿಯಲ್ಲಿ ಅಂಟಿಸುವ ತೆಳುವಾದ ಮರದ ಪಟ್ಟಿಗಳ ಈ ಕಟ್ಟನ್ನು ಬ್ರೇಸಿಂಗ್ ಎನ್ನುತ್ತಾರೆ. ಹೀಗೆ ಹಾಯ್ದುಹೋಗುವ ಕಟ್ಟುಳ್ಳ ಮಾರ್ಟಿನ್ ಗಿಟಾರುಗಳಲ್ಲಿ ತಿಳಿದಮಟ್ಟಿಗೆ ಅದೇ ಅತ್ಯಂತ ಹಳೆಯದು. ಕರುಳಿನ ತಂತಿಯ ಆ ಕಾಲಕ್ಕೆ ಇಷ್ಟು ಬಲವಾದ ಕಟ್ಟು ಅನಿವಾರ್ಯವೇನೂ ಆಗಿರಲಿಲ್ಲ. ಎಪ್ಪತ್ತು ಎಂಬತ್ತು ವರ್ಷ ಕಳೆದು ಉಕ್ಕಿನ ತಂತಿ ಬಂದಾಗ ಅದೇ ಕಟ್ಟು ಇಡೀ ವಾದ್ಯವನ್ನು ಕಾಪಾಡಿತು.

ನಂತರ ಬಂದ ಸಿ. ಎ. ಜೋಬಿಷ್ ಮತ್ತು ಮಕ್ಕಳು ಎಂಬ ನ್ಯೂಯಾರ್ಕಿನ ಸಂಸ್ಥೆ ಮಾರ್ಟಿನ್ ಗಿಟಾರುಗಳ ಏಕೈಕ ಸಗಟು ವಿತರಕನಾಗಿ ದಶಕಗಳ ಕಾಲ ನಡೆಯಿತು. ಆ ಅವಧಿಯಲ್ಲಿ ವರ್ತಕನ ಕೈ ಎಷ್ಟು ಮೇಲಾಗಿತ್ತೆಂಬುದಕ್ಕೆ ವಾದ್ಯಗಳೇ ಸಾಕ್ಷಿ. 1839ರಿಂದ ಆಚೆಗೆ ಮಾರ್ಟಿನ್ ಗಿಟಾರುಗಳು ತಯಾರಾದದ್ದು ನಜರೆತ್ ಸುತ್ತಿನಲ್ಲಿಯೇ ಆದರೂ 1898ರವರೆಗೆ ಅವುಗಳ ಮೇಲೆ ಒತ್ತುತ್ತಿದ್ದ ಉಕ್ಕಿನ ಮುದ್ರೆಯಲ್ಲಿ ಊರಿನ ಹೆಸರು ‘ನ್ಯೂಯಾರ್ಕ್’ ಎಂದೇ ಇತ್ತು. ಸರಕು ಎಲ್ಲಿ ಮಾರಾಟವಾಗುತ್ತದೋ ಆ ಊರೇ ಅದರ ಊರು ಎಂಬ ವ್ಯಾಪಾರದ ತರ್ಕ ತಯಾರಕನ ಹಳ್ಳಿಯನ್ನು ಅರವತ್ತು ವರ್ಷ ಮುಚ್ಚಿಟ್ಟಿತು. 1888ರಲ್ಲಿ ಅಧಿಕಾರಕ್ಕೆ ಬಂದ ಮೊಮ್ಮಗ ಫ್ರಾಂಕ್ ಹೆನ್ರಿ ಮಾರ್ಟಿನ್‌ಗೆ ಇದು ಹಿಡಿಸಲಿಲ್ಲ. ಇಟಲಿಯಿಂದ ವಲಸೆ ಬಂದವರಿಂದಾಗಿ ಮ್ಯಾಂಡೊಲಿನ್‌ಗೆ ಬೇಡಿಕೆ ಏರುತ್ತಿದ್ದಾಗ ಅದನ್ನು ಮಾಡಿ ಮಾರಬೇಕೆಂದು ಅವನು ಬಯಸಿದರೆ ಜೋಬಿಷ್ ಸಂಸ್ಥೆ ಆಸಕ್ತಿ ತೋರಲಿಲ್ಲ. 1898ರಲ್ಲಿ ಸಂಬಂಧ ಕಡಿದುಹೋಯಿತು. ಅದೇ ವರ್ಷ ಮುದ್ರೆಯಲ್ಲಿ ನಜರೆತ್ ಎಂಬ ಹೆಸರು ಬಂದಿತು, ಅದುವರೆಗೆ ಮಾಡಿದ ಗಿಟಾರುಗಳನ್ನು ಅಂದಾಜಿನಿಂದ ಎಂಟು ಸಾವಿರವೆಂದು ಎಣಿಸಿ 8000ದಿಂದ ಕ್ರಮಸಂಖ್ಯೆ ಹಾಕುವ ರೂಢಿಯೂ ಬಂದಿತು. ಇಂದು ಒಂದು ಮಾರ್ಟಿನ್ ಗಿಟಾರಿನ ವಯಸ್ಸನ್ನು ಒಳಗೆ ಇಣುಕಿ ಹೇಳಲು ಸಾಧ್ಯವಾಗಿರುವುದು ಈ ವ್ಯಾಪಾರದ ಬಿರುಕಿನ ಫಲ.

ಏಕೈಕ ವಿತರಕ ಹೋದ ಮೇಲೆ ಫ್ರಾಂಕ್ ಹೆನ್ರಿಯ ಎದುರಿಗೆ ಊರೂರಿನ ಅಂಗಡಿಗಳು ತೆರೆದುಕೊಂಡವು. ಅವನೂ ಅವನ ಮಗ ಮೂರನೆಯ ಸಿ. ಎಫ್. ಮಾರ್ಟಿನ್ ಕೂಡ ಅಂಗಡಿಯವರೊಡನೆ ತಾವೇ ಪತ್ರವ್ಯವಹಾರ ನಡೆಸಿದರು. ಬಂದ ಕಾಗದಗಳನ್ನೂ ಕೊಟ್ಟ ಉತ್ತರಗಳ ಪ್ರತಿಗಳನ್ನೂ ಎಸೆಯದೆ ಕಟ್ಟಿಟ್ಟರು. ಕಾರ್ಖಾನೆಗಳ ಇತಿಹಾಸದಲ್ಲಿ ಇಂಥ ಸಂಗ್ರಹ ಅಪರೂಪವಾದದ್ದು, ಮತ್ತು ಹೇಳಿ ಮಾಡಿಸಿದ ಗಿಟಾರಿನ ಕಥೆ ಇಷ್ಟು ವಿವರವಾಗಿ ತಿಳಿಯುವುದು ಇದೊಂದು ಮನೆತನದ ವಿಷಯದಲ್ಲಿ ಮಾತ್ರ ಎಂದರೂ ತಪ್ಪಾಗದು. ಬೇಡಿಕೆ ಬರೆಯುವವರಿಗೆ ಅನುಕೂಲವಾದ ಒಂದು ಸಂಕೇತಭಾಷೆ ಆಗಲೇ ಇತ್ತು. ಮಾದರಿಯ ಹೆಸರಿನಲ್ಲಿ ಮೊದಲ ಭಾಗ ಒಡಲಿನ ಗಾತ್ರವನ್ನು ಹೇಳಿದರೆ ಅಡ್ಡಗೆರೆಯ ನಂತರದ ಸಂಖ್ಯೆ ಮರ ಮತ್ತು ಅಲಂಕಾರದ ದರ್ಜೆಯನ್ನು ಹೇಳುತ್ತಿತ್ತು. ಗಾತ್ರದ ಅಂಕಿ ಸಣ್ಣದಾದಷ್ಟೂ ವಾದ್ಯ ದೊಡ್ಡದು. 1ಕ್ಕಿಂತ ದೊಡ್ಡದು ಬೇಕಾದಾಗ 0, ಅದಕ್ಕಿಂತ ದೊಡ್ಡದಕ್ಕೆ 00, ಕೊನೆಗೆ 000 ಎಂದು ಸೊನ್ನೆ ಸೇರಿಸುತ್ತ ಹೋದರು. 28 ಎಂದರೆ ರೋಸ್‌ವುಡ್ ಮರದ ಒಡಲು; 45 ಎಂದರೆ ಅಂಚಂಚಿಗೂ ಕಪ್ಪೆಚಿಪ್ಪಿನ ಹೊಳಪಿನ ತುಣುಕುಗಳನ್ನು ಕೂರಿಸಿದ ಅತ್ಯಂತ ದುಬಾರಿ ದರ್ಜೆ. ಅಂಗಡಿಯವ ‘00-28, ಆದರೆ ಅಲಂಕಾರ ಹೀಗಿರಲಿ’ ಎಂದು ಬರೆದರೆ ಸಾಕು, ಕೆಲಸಗಾರನಿಗೆ ಆ ‘ಆದರೆ’ ಮಾತ್ರ ಹೊಸದಾಗಿರುತ್ತಿತ್ತು.

ಈ ‘ಆದರೆ’ ಯಾವಾಗಲೂ ಹೆಚ್ಚಿನದನ್ನು ಕೇಳುವುದಾಗಿರಲಿಲ್ಲ. 1910ರ ದಶಕದಲ್ಲಿ ಗಿಟಾರ್ ಗುರುಗಳೇ ಡೀಲರುಗಳೂ ಆಗಿ ತಮ್ಮ ಶಿಷ್ಯರಿಗೆ ವಾದ್ಯ ಮಾರುತ್ತಿದ್ದರು. ಸೇಂಟ್ ಲೂಯಿಯ ವಿಲಿಯಂ ಫೋಡನ್ ತನ್ನ ಹೆಸರಿನಲ್ಲಿ ವಿಶೇಷ ಮಾದರಿಗಳನ್ನು ಮಾಡಿಸಿದರೆ, ವಾದಕಿ ವಾಡಾ ಓಲ್ಕಾಟ್-ಬಿಕ್‌ಫರ್ಡ್ ಅತ್ಯುತ್ತಮ ದರ್ಜೆಯ ಮರದಿಂದ, ಆದರೆ ಕಪ್ಪೆಚಿಪ್ಪಿನ ಮಿನುಗು ಇಲ್ಲದ ಸರಳ ವಾದ್ಯವನ್ನು ಬಯಸಿದರು. ಅದು ದರ್ಜೆ 44 ಎಂದು ಹೆಸರು ಪಡೆಯಿತು. ಒಳ್ಳೆಯ ನಾದಕ್ಕೆ ಬೆಲೆ ಕೊಟ್ಟು ಮಿನುಗಿಗೆ ಬೆಲೆ ಕೊಡದಿರುವ ಆಯ್ಕೆ ಪಟ್ಟಿಯಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಅದನ್ನು ಕೇಳಿ ಪಡೆದುದರಲ್ಲಿ ಒಬ್ಬ ನಿಜವಾದ ವಾದಕಿಯ ವಿವೇಕ ಕಾಣುತ್ತದೆ.

ಕಾರ್ಖಾನೆಯ ಒಳಗನ್ನೇ ಅಲುಗಿಸಿದ ಬೇಡಿಕೆ ಪಶ್ಚಿಮ ಕರಾವಳಿಯಿಂದ ಬಂದಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮ-ಪೆಸಿಫಿಕ್ ವಸ್ತುಪ್ರದರ್ಶನದಲ್ಲಿ ಹವಾಯಿ ದ್ವೀಪದ ಸಂಗೀತಗಾರರನ್ನು ಕೇಳಿದ ಅಮೆರಿಕನ್ನರಿಗೆ ಆ ಸಂಗೀತದ ಹುಚ್ಚು ಹಿಡಿಯಿತು. ಹವಾಯಿ ಶೈಲಿಯಲ್ಲಿ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎತ್ತರಕ್ಕೆ ಏರಿಸಿದ ಉಕ್ಕಿನ ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುತ್ತಾರೆ. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ಮ್ಯೂಸಿಕ್ ಕಂಪನಿ ಅದಕ್ಕೆ ತಕ್ಕ ಗಿಟಾರುಗಳನ್ನು, ಹವಾಯಿಯ ಕೋವಾ ಎಂಬ ಹೊಂಬಣ್ಣದ ಮರದಲ್ಲಿ, ತನ್ನ ಹೆಸರಿನಲ್ಲಿ ಮಾಡಿಕೊಡುವಂತೆ ನಜರೆತ್‌ಗೆ ಬರೆಯಿತು. ಕರುಳಿನ ತಂತಿಗೆಂದು ಹಗುರವಾಗಿ ಕಟ್ಟುತ್ತಿದ್ದ ಕೈಗಳು ಉಕ್ಕಿನ ಎಳೆತವನ್ನು ಲೆಕ್ಕ ಹಾಕಲು ಕಲಿತದ್ದು ಇಂಥ ಬೇಡಿಕೆಗಳನ್ನು ಪೂರೈಸುತ್ತ. 1922ರ ವೇಳೆಗೆ ಉಕ್ಕಿನ ತಂತಿಯನ್ನೇ ಸಾಮಾನ್ಯ ರೂಢಿಯಾಗಿಸಿದ ಅಗ್ಗದ ಮಾದರಿಯೊಂದನ್ನು ಕಂಪನಿ ತನ್ನ ಪಟ್ಟಿಗೆ ಸೇರಿಸಿತು. ಆ ದಶಕ ಮುಗಿಯುವಷ್ಟರಲ್ಲಿ ಕರುಳಿನ ತಂತಿ ಅಪರೂಪವಾಗಿತ್ತು.

ದೊಡ್ಡ ಒಡಲಿನ ಕಥೆಯೂ ಅದೇ ಅಲೆಯಲ್ಲಿ ಹುಟ್ಟಿದ್ದು. ಬಾಸ್ಟನ್ನಿನ ಆಲಿವರ್ ಡಿಟ್ಸನ್ ಕಂಪನಿ ಸಂಗೀತ ಪ್ರಕಟಣೆಯಲ್ಲಿ ಅಮೆರಿಕದ ಹಳೆಯ ಮನೆತನಗಳಲ್ಲೊಂದು. ಅದರ ನ್ಯೂಯಾರ್ಕ್ ಶಾಖೆಯನ್ನು ಹ್ಯಾರಿ ಹಂಟ್ ಎಂಬ ವ್ಯವಸ್ಥಾಪಕ ನೋಡಿಕೊಳ್ಳುತ್ತಿದ್ದ. ಹಂಟ್ ಮತ್ತು ಫ್ರಾಂಕ್ ಹೆನ್ರಿಯ ನಡುವಣ ಮಾತುಕತೆಯ ಫಲವಾಗಿ 1916ರಲ್ಲಿ ಡಿಟ್ಸನ್ ಅಂಗಡಿಗೆಂದೇ ಮೂರು ಗಾತ್ರದ ಗಿಟಾರುಗಳು ಸಿದ್ಧವಾದವು. ಮೂರಕ್ಕೂ ಸೊಂಟ ಅಗಲ. ಮೂರನೆಯದಂತೂ ಆವರೆಗಿನ ಮಾರ್ಟಿನ್ ಗಿಟಾರುಗಳನ್ನೆಲ್ಲ ಮೀರಿಸುವಷ್ಟು ದೊಡ್ಡದು ಮತ್ತು ಆಳವಾದದ್ದು. ಹತ್ತು ವರ್ಷ ಹಿಂದೆ, 1906ರಲ್ಲಿ, ಬ್ರಿಟನ್ ನೀರಿಗಿಳಿಸಿದ ಡ್ರೆಡ್‌ನಾಟ್ ಎಂಬ ಭಾರಿ ಯುದ್ಧನೌಕೆಯ ಹೆಸರು ಆಗ ದೊಡ್ಡದಾದ ಯಾವುದಕ್ಕೂ ಹೊಂದುತ್ತಿತ್ತು. ಗಿಟಾರಿಗೂ ಅದನ್ನೇ ಇಟ್ಟರು. ಹವಾಯಿಯ ಸಂಗೀತ ತಂಡವೊಂದರ ನಾಯಕ ಮೇಕಿಯಾ ಕೆಯಲಾಕಾಯಿ ಅದೇ 1916ರಲ್ಲಿ ದೊಡ್ಡ ಸಭೆಗಳಲ್ಲಿ ಕೇಳಿಸುವಂಥ ಭಾರಿ ಗಿಟಾರೊಂದನ್ನು ಮಾರ್ಟಿನ್ ಕಾರ್ಖಾನೆಯಿಂದ ಮಾಡಿಸಿಕೊಂಡದ್ದು ಕಂಪನಿಯ ದಫ್ತರದಿಂದ ಈಚೆಗೆ ಬೆಳಕಿಗೆ ಬಂದಿದೆ. ಡ್ರೆಡ್‌ನಾಟಿನ ಕಲ್ಪನೆ ಅಲ್ಲಿಂದಲೇ ಮೊಳೆಯಿತೆಂದು ಸಂಶೋಧಕರು ವಾದಿಸುತ್ತಾರೆ. ಹಾಗಾದರೆ ಹಂಟ್‌ನ ಪಾಲು ಕಡಿಮೆಯಾಗುವುದೇ? ಹಾಗೆನ್ನಲಾಗದು. ಒಬ್ಬ ವಾದಕನಿಗಾಗಿ ಮಾಡಿದ ಒಂದು ವಾದ್ಯ ಅವನೊಂದಿಗೇ ಕಾಣೆಯಾಗಬಹುದಿತ್ತು. ಅದನ್ನು ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿ ಅಪರಿಚಿತರಿಗೆ ಮಾರುವ ಧೈರ್ಯವನ್ನು ತೋರಿದ್ದು ವರ್ತಕ.

ಆ ಧೈರ್ಯಕ್ಕೆ ತಕ್ಕ ಪ್ರತಿಫಲ ಅವನಿಗೆ ಸಿಗಲಿಲ್ಲ. ಡ್ರೆಡ್‌ನಾಟ್ ಮೊದಲ ವರ್ಷಗಳಲ್ಲಿ ಬಹಳ ಕಡಿಮೆ ಮಾರಾಟವಾಯಿತು. ಅದರ ತಗ್ಗುಸ್ವರಗಳ ಗುಡುಗು ಮನೆಯ ಕೋಣೆಯಲ್ಲಿ ಒಬ್ಬರೇ ಕೂತು ನುಡಿಸುವವರಿಗೆ ಬೇಕಾಗಿರಲಿಲ್ಲ, ಅದು ಬೇಕಾಗುವ ಹಾಡುಗಾರರು ಇನ್ನೂ ರೇಡಿಯೋಗೆ ಬಂದಿರಲಿಲ್ಲ. ಮಾರ್ಟಿನ್ ಕಂಪನಿ ಕೂಡ ಆ ಆಕಾರವನ್ನು ಡಿಟ್ಸನ್ ಅವರ ಸ್ವತ್ತೆಂಬಂತೆ ಕಂಡು ತನ್ನ ಪಟ್ಟಿಯಿಂದ ಹೊರಗಿಟ್ಟಿತು. 1931ರಲ್ಲಿ ಡಿಟ್ಸನ್ ಸಂಸ್ಥೆ ಫಿಲಡೆಲ್ಫಿಯಾದ ಥಿಯೋಡರ್ ಪ್ರೆಸ್ಸರ್ ಕಂಪನಿಯ ಪಾಲಾದಾಗ ಮಾತ್ರ ನಜರೆತ್‌ನವರು ಅದೇ ಒಡಲನ್ನು ತಮ್ಮ ಹೆಸರಿನಲ್ಲಿ ಮಾಡತೊಡಗಿದರು. ಡಿ-1 ಮತ್ತು ಡಿ-2 ಎಂದು ಆರಂಭವಾಗಿ ಬೇಗನೆ ಡಿ-18, ಡಿ-28 ಎಂಬ ಹೆಸರು ತಳೆದ ಆ ವಾದ್ಯಗಳು ಮುಂದೆ ಅಮೆರಿಕದ ಹಳ್ಳಿಗಾಡಿನ ಸಂಗೀತದ ಧ್ವನಿಯನ್ನೇ ನಿರ್ಧರಿಸಿದವು. ಜಗತ್ತಿನ ಲಕ್ಷಾಂತರ ಗಿಟಾರುಗಳು ಇಂದು ಹೊತ್ತಿರುವ ಆಕಾರವನ್ನು ಮೊದಲು ಮಾರಾಟಕ್ಕಿಟ್ಟ ಅಂಗಡಿ, ಅದು ಗೆಲ್ಲುವ ಹೊತ್ತಿಗೆ ಮುಚ್ಚಿತ್ತು.

ಕತ್ತಿನ ಕಥೆ ಇದಕ್ಕಿಂತ ಚಿಕ್ಕದು, ಆದರೆ ಹತ್ತಿರದಿಂದ ನೋಡುವಂಥದು. 1929ರಲ್ಲಿ ಅಟ್ಲಾಂಟಾ ನಗರದ ಕೇಬಲ್ ಪಿಯಾನೋ ಕಂಪನಿಯೊಡನೆ ಸಂಬಂಧವಿದ್ದ ಪೆರ್ರಿ ಬೆಕ್ಟೆಲ್ ಎಂಬ ಬ್ಯಾಂಜೋ ವಾದಕ ನಜರೆತ್‌ಗೆ ಬೇಡಿಕೆಯಿಟ್ಟ. ನೃತ್ಯಮೇಳಗಳಲ್ಲಿ ಬ್ಯಾಂಜೋದ ಕಾಲ ಮುಗಿಯುತ್ತ ಗಿಟಾರಿನ ಕಾಲ ಬರುತ್ತಿತ್ತು. ಬ್ಯಾಂಜೋದ ನೀಳ ಕತ್ತಿಗೆ ಒಗ್ಗಿದ ಅವನ ಎಡಗೈಗೆ 12ನೇ ಮೆಟ್ಟಿಲಿಗೇ ಒಡಲು ಅಡ್ಡಬರುವ ಗಿಟಾರ್ ತೊಡಕೆನಿಸಿತು. ಒಡಲಿನಿಂದ ಹೊರಗೆ 15 ಮೆಟ್ಟಿಲು ಬೇಕೆಂದು ಕೇಳಿದ. ಇಲ್ಲಿ ಒಂದು ಲೆಕ್ಕವಿದೆ. ತಂತಿ ನಾದಿಸುವ ಉದ್ದ, ಎಂದರೆ ಬಿರಡೆಗಳ ಬಳಿಯ ಮೂಳೆಪಟ್ಟಿಯಿಂದ ಕುದುರೆಯವರೆಗಿನ ದೂರ, ಆ ಗಾತ್ರದ ಗಿಟಾರಿನಲ್ಲಿ 25.4 ಅಂಗುಲ. 12ನೇ ಮೆಟ್ಟಿಲು ಸರಿಯಾಗಿ ಅದರ ಅರ್ಧದಲ್ಲಿ ಕೂರುತ್ತದೆ. ಉದ್ದವನ್ನು ಹಾಗೆಯೇ ಉಳಿಸಿ ಹೆಚ್ಚು ಮೆಟ್ಟಿಲುಗಳನ್ನು ಹೊರಗೆ ತರಬೇಕಾದರೆ ಒಡಲಿನ ಹೆಗಲನ್ನು ಕುದುರೆಯ ಕಡೆಗೆ ಒತ್ತಬೇಕು. ಒತ್ತಿದಷ್ಟೂ ಮೇಲ್ಹಲಗೆ ಕುಗ್ಗುತ್ತದೆ, ಕುದುರೆ ತನ್ನ ಜಾಗದಿಂದ ಕದಲುತ್ತದೆ, ನಾದ ಬದಲಾಗುತ್ತದೆ. ಕಾರ್ಖಾನೆಯವರು 000 ಒಡಲಿನ ಹೆಗಲನ್ನು ಚಪ್ಪಟೆಯಾಗಿಸಿ 14 ಮೆಟ್ಟಿಲಿಗೆ ನಿಲ್ಲಿಸಿದರು. ಕೇಳಿದ್ದು 15, ಕೊಟ್ಟದ್ದು 14. ಗಿರಾಕಿಯ ಆಸೆಗೂ ಮರದ ಮಿತಿಗೂ ನಡುವೆ ನಡೆದ ಆ ಒಂದು ಮೆಟ್ಟಿಲಿನ ಚೌಕಾಸಿಯಲ್ಲಿ ಹೇಳಿ ಮಾಡಿಸುವ ಕಲೆಯ ತಿರುಳೆಲ್ಲ ಅಡಗಿದೆ. ಆರ್ಕೆಸ್ಟ್ರಾ ಮಾಡೆಲ್, ಸಂಕ್ಷೇಪವಾಗಿ ಓಎಂ, ಎಂದು ಹೆಸರಾದ ಈ ಗಿಟಾರಿಗೆ ಆರಂಭದಲ್ಲಿ ಬ್ಯಾಂಜೋದಂತೆ ನೇರವಾದ ಬಿರಡೆಗಳಿದ್ದವು. ಅಂಗಡಿಗಳಿಂದ ಬೇಡಿಕೆ ಹರಿದುಬಂದು, 1934ರ ಹೊತ್ತಿಗೆ ಡ್ರೆಡ್‌ನಾಟ್ ಸೇರಿದಂತೆ ಕಂಪನಿಯ ಬಹುತೇಕ ಮಾದರಿಗಳು 14 ಮೆಟ್ಟಿಲಿಗೆ ಬದಲಾದವು. ಮಾರ್ಟಿನ್ ಒಡಲಿನ ಉಕ್ಕಿನ ತಂತಿಯ ಗಿಟಾರನ್ನು ನಕಲು ಮಾಡಿದವರೆಲ್ಲ ಅಟ್ಲಾಂಟಾದ ಒಬ್ಬ ಬ್ಯಾಂಜೋ ವಾದಕನ ಕೈಯಳತೆಯನ್ನು ನಕಲು ಮಾಡಿದಂತಾಯಿತು.

ಆರ್ಥಿಕ ಮುಗ್ಗಟ್ಟು ಅತ್ಯಂತ ಬಿಗಿಯಾಗಿದ್ದ 1933ರಲ್ಲಿ ಅತ್ಯಂತ ದುಬಾರಿ ಬೇಡಿಕೆ ಬಂದಿತು. ಶಿಕಾಗೋದ ರೇಡಿಯೋದಲ್ಲಿ ಹಾಡುತ್ತಿದ್ದ ಜೀನ್ ಆಟ್ರಿ, ತಾನು ಆರಾಧಿಸುತ್ತಿದ್ದ ಗಾಯಕ ಜಿಮ್ಮಿ ರಾಜರ್ಸ್‌ನ ಕೈಯಲ್ಲಿದ್ದಂತೆ ಕತ್ತಿನ ಮೇಲೆ ಹೆಸರು ಕೆತ್ತಿದ, 45ರ ದರ್ಜೆಯ ಅಲಂಕಾರವಿರುವ ಗಿಟಾರ್ ಬೇಕೆಂದೂ, ಆದರೆ ಒಡಲು ಡ್ರೆಡ್‌ನಾಟ್ ಆಗಿರಬೇಕೆಂದೂ ಕೇಳಿದ. ಹಿಂದೆಂದೂ ಯಾರೂ ಸೇರಿಸದ ಎರಡು ವಸ್ತುಗಳ ಜೋಡಣೆ ಅದು. ಹೀಗೆ ಮೊದಲ ಡಿ-45 ಹುಟ್ಟಿತು. ಅದನ್ನು ನೋಡಿದವರು ಬಯಸಿದರು, ಅಂಗಡಿಗಳು ಬರೆದವು, ಮಾದರಿ ಪಟ್ಟಿಗೆ ಸೇರಿತು. 1942ರಲ್ಲಿ ಯುದ್ಧದಿಂದಾಗಿ ನಿಲ್ಲಿಸುವಷ್ಟರಲ್ಲಿ ತಯಾರಾದದ್ದು 91 ಮಾತ್ರ. ಮತ್ತೆ 1968ರಲ್ಲಿ ಆರಂಭಿಸಿದಾಗ ಕಪ್ಪೆಚಿಪ್ಪನ್ನು ಕೂರಿಸುವ ಕೆಲಸ ಬಲ್ಲವರು ಕಾರ್ಖಾನೆಯಲ್ಲಿ ಉಳಿದಿರಲಿಲ್ಲ. ಅದಕ್ಕಾಗಿಯೇ ಮೈಕ್ ಲಾಂಗ್‌ವರ್ತ್ ಎಂಬ ಕುಸುರಿಗಾರನನ್ನು ಸೇರಿಸಿಕೊಂಡರು. ಕಂಪನಿಯ ಮೊದಲ ವಿಸ್ತಾರವಾದ ಇತಿಹಾಸವನ್ನು ಬರೆದವನೂ ಅವನೇ ಆದ.

ಯುದ್ಧಾನಂತರದ ವರ್ಷಗಳು ಈ ಪದ್ಧತಿಗೆ ಅಷ್ಟು ಅನುಕೂಲವಾಗಿರಲಿಲ್ಲ. ಜಾನಪದ ಸಂಗೀತದ ಅಲೆ ಎದ್ದು 1960ರ ದಶಕದ ಆರಂಭದಲ್ಲಿ ಸಾಮಾನ್ಯ ಗಿಟಾರಿಗೂ ಗಿರಾಕಿ ಮೂರು ವರ್ಷದವರೆಗೆ ಕಾಯಬೇಕಾದಾಗ ವಿಶೇಷ ಬೇಡಿಕೆಗೆ ಕಿವಿಗೊಡಲು 1859ರ ಹಳೆಯ ಕಟ್ಟಡದಲ್ಲಿ ಜಾಗವೂ ಇರಲಿಲ್ಲ, ಸಮಯವೂ ಇರಲಿಲ್ಲ; 1964ರಲ್ಲಿ ಹೊಸ ಕಾರ್ಖಾನೆ ಕಟ್ಟಬೇಕಾಯಿತು. ಆ ದಿನಗಳಲ್ಲಿಯೂ ಬಾಸ್ಟನ್ನಿನ ಇ. ಯು. ವುರ್ಲಿಟ್ಜರ್ ಅಂಗಡಿಯವರು 1962ರಿಂದ ಹಳೆಯ 12 ಮೆಟ್ಟಿಲಿನ ಡ್ರೆಡ್‌ನಾಟನ್ನು ತಮಗಾಗಿ ಮಾಡಿಸಿಕೊಂಡು ಬಂದರು, ಅವರ ಹೆಸರಿನ ಮೊದಲಕ್ಷರ ಮಾದರಿಯ ಹೆಸರಿಗೂ ಸೇರಿತು. ಎಲ್ಲರೂ ಮುಂದಕ್ಕೆ ಓಡುವಾಗ ಒಂದು ಅಂಗಡಿ ಹಿಂದಿನದನ್ನು ಕೇಳಿದ್ದು ಮುಂದಿನ ಕಾಲದ ಮುನ್ಸೂಚನೆಯಾಗಿತ್ತು.

ಇದೇ ಕಾಲದಲ್ಲಿ ಈ ದೂರದ ಕಸುಬಿಗೂ ಕನ್ನಡನಾಡಿನ ಕಾಡಿಗೂ ಗಂಟುಬಿದ್ದಿತು. ಅಲ್ಲಿಯವರೆಗೆ ಮಾರ್ಟಿನ್ ಗಿಟಾರುಗಳ ರೋಸ್‌ವುಡ್ ಎಂದರೆ ಬ್ರೆಜಿಲ್ ದೇಶದ ಮರ. ಬ್ರೆಜಿಲ್ ಇಡೀ ದಿಮ್ಮಿಗಳ ರಫ್ತನ್ನು ತಡೆದಾಗ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ತಿರುಗಿತು. ಅದೇ ನಮ್ಮ ಬೀಟೆ ಮರ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿಯೂ ಕಾಫಿ ತೋಟಗಳ ನೆರಳಿನಲ್ಲಿಯೂ ಕೇರಳ, ತಮಿಳುನಾಡಿನ ಮಲೆಗಳಲ್ಲಿಯೂ ಬೆಳೆಯುವ ಈ ಮರದ ಚೇಗು ನೇರಳೆ ಬೆರೆತ ಕಂದು ಬಣ್ಣದ್ದು, ನಡುನಡುವೆ ಕಪ್ಪು ಗೆರೆಗಳುಳ್ಳದ್ದು. ಗರಗಸ ಹಾಕಿದಾಗ ಸಿಹಿಯಾದ ಪರಿಮಳ ಬಿಡುತ್ತದೆ. ಮೈಸೂರಿನ ಕುಸುರಿಗಾರರು ಬೇರೆ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸಿ ಚಿತ್ರ ಬಿಡಿಸುವುದು ಇದರ ಮೇಲೆಯೇ. ಸ್ವಂತ ತೋಟದಲ್ಲಿ ನಿಂತಿದ್ದರೂ ಬೀಟೆಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲವೆಂಬುದು ಮಲೆನಾಡಿನ ಬೆಳೆಗಾರರಿಗೆಲ್ಲ ಗೊತ್ತಿರುವ ನಿಯಮ. ಬ್ರೆಜಿಲ್ ಮರದ ಮೋಹದಲ್ಲಿದ್ದ ಗಿರಾಕಿಗಳು ಮೊದಲಿಗೆ ಇದನ್ನು ಎರಡನೆಯ ದರ್ಜೆಯದೆಂದು ಕಂಡರು. ಅದು ನ್ಯಾಯವಾದ ತೀರ್ಮಾನವಾಗಿರಲಿಲ್ಲ. ಬಿರುಕು ಬಿಡದೆ ಬಾಗುವ, ವರ್ಷಗಳ ಕಾಲ ಸ್ಥಿರವಾಗಿ ನಿಲ್ಲುವ ಗುಣದಿಂದ ಬೀಟೆ ಅರ್ಧ ಶತಮಾನದಿಂದ ಗಿಟಾರ್ ಲೋಕದ ಮುಖ್ಯ ಮರಗಳಲ್ಲೊಂದಾಗಿ ನಿಂತಿದೆ. ಅಳಿವಿನ ಭಯವಿರುವ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ 2017ರ ಜನವರಿಯಲ್ಲಿ ಬ್ರೆಜಿಲ್‌ನದನ್ನು ಬಿಟ್ಟು ಉಳಿದ ರೋಸ್‌ವುಡ್ ಜಾತಿಗಳೆಲ್ಲ ಸೇರಿದಾಗ, ಗಡಿದಾಟಿ ಗಿಟಾರ್ ತರಿಸುವ ಡೀಲರುಗಳು ಒಂದೊಂದು ವಾದ್ಯಕ್ಕೂ ಕಾಗದಪತ್ರ ಹೊಂದಿಸಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು.

1970ರ ದಶಕದ ಕೊನೆಗೆ ಮಾರಾಟ ಇಳಿಮುಖವಾಯಿತು. ದಶಕದ ಆರಂಭದಲ್ಲಿ ವರ್ಷಕ್ಕೆ 20 ಸಾವಿರ ದಾಟಿದ್ದ ತಯಾರಿಕೆ 1982ರಲ್ಲಿ ಸುಮಾರು 3 ಸಾವಿರಕ್ಕೆ ಕುಸಿಯಿತು. ಆ ಇಳಿಜಾರಿನ ನಡುವೆ, 1979ರಲ್ಲಿ, ಕಂಪನಿ ಹೇಳಿ ಮಾಡಿಸಿಕೊಳ್ಳುವವರಿಗೆಂದೇ ‘ಕಸ್ಟಮ್ ಶಾಪ್’ ಎಂಬ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಆ ಹೊತ್ತಿಗೆ ಡೀಲರುಗಳ ಸ್ವಭಾವವೂ ಬದಲಾಗಿತ್ತು. ನ್ಯಾಶ್‌ವಿಲ್‌ನಲ್ಲಿ 1970ರಲ್ಲಿ ಅಂಗಡಿ ತೆರೆದ ಜಾರ್ಜ್ ಗ್ರೂನ್, ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ 1971ರಲ್ಲಿ ಆರಂಭವಾದ ಮ್ಯಾಂಡೊಲಿನ್ ಬ್ರದರ್ಸ್ ಮೊದಲಾದವರು ಹಳೆಯ ಗಿಟಾರುಗಳನ್ನು ಕೊಂಡು, ಬಿಚ್ಚಿ, ಅಳೆದು, ಮಾರಿ ಪಳಗಿದವರು. ಯುದ್ಧಪೂರ್ವದ ವಾದ್ಯದ ನಾದಕ್ಕೆ ಕಾರಣವೇನೆಂಬುದು ಅವರಿಗೆ ಬೆರಳ ತುದಿಯಲ್ಲಿತ್ತು. ಒಳಪಟ್ಟಿಗಳ ನಡುಭಾಗವನ್ನು ಉಳಿಯಿಂದ ಕೊರೆದು ಹಗುರಗೊಳಿಸುವ ಪದ್ಧತಿಯನ್ನು ಕಾರ್ಖಾನೆ 1944ರಲ್ಲಿ ಕೈಬಿಟ್ಟಿತ್ತು. ಮೇಲ್ಹಲಗೆಗೆ ಬಳಸುತ್ತಿದ್ದ ಅಡಿರಾಂಡಕ್ ಸ್ಪ್ರೂಸ್ ಎಂಬ ಪೂರ್ವ ಅಮೆರಿಕದ ಮರದ ಬದಲು ಪಶ್ಚಿಮ ತೀರದ ಸಿಟ್ಕಾ ಸ್ಪ್ರೂಸ್ ಕೂಡ ಅದೇ ದಶಕದಲ್ಲಿ ಬಂದಿತ್ತು. ಹಳೆಯದರ ಬೆಲೆ ಬಲ್ಲ ಅಂಗಡಿಯವರೂ ಅವರ ಗಿರಾಕಿಗಳೂ ಅದನ್ನೆಲ್ಲ ಮರಳಿ ಕೇಳಿದರು. ಕೊರೆದ ಪಟ್ಟಿಗಳು 1976ರಲ್ಲಿ ಎಚ್‌ಡಿ-28 ಎಂಬ ಮಾದರಿಯಲ್ಲಿ ಪಟ್ಟಿಗೆ ಹಿಂತಿರುಗಿದವು, ಉಳಿದವು ಒಂದೊಂದಾಗಿ ಕಸ್ಟಮ್ ಬೇಡಿಕೆಗಳ ಮೂಲಕ ಬಂದವು. ಕಾರ್ಖಾನೆ ಮರೆತ ತನ್ನದೇ ಕೆಲಸವನ್ನು ಅಂಗಡಿಗಳು ಅದಕ್ಕೆ ನೆನಪಿಸಿಕೊಟ್ಟ ಈ ಅಧ್ಯಾಯ ಇಡೀ ಕಥೆಯಲ್ಲಿ ಮನಸ್ಸಿಗೆ ಅತ್ಯಂತ ಹತ್ತಿರವಾಗುವಂಥದು.

ಇಂದು ನಡೆಯುವ ಕ್ರಮವೂ ಮೂಲದಲ್ಲಿ ಹಂಟ್‌ನ ಕಾಲದ್ದೇ. ಗಿರಾಕಿ ಡೀಲರ್ ಎದುರು ಕೂತು ಒಡಲು, ಮೇಲ್ಹಲಗೆಯ ಮರ, ಪಟ್ಟಿಗಳ ಕಟ್ಟು, ಕತ್ತಿನ ದಪ್ಪ, ಮೂಳೆಪಟ್ಟಿಯ ಬಳಿಯ ಅಗಲ, ಅಂಚಿನ ಅಲಂಕಾರ ಎಂದು ಸಾಲುಸಾಲಾಗಿ ಬರೆಸುತ್ತಾನೆ. ಡೀಲರ್ ಮುಂಗಡ ಹಿಡಿದು, ಹೀಗೆ ಮಾಡಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ತಿಳಿಸಿ, ಕಾರ್ಖಾನೆಗೆ ಕಳಿಸುತ್ತಾನೆ. ಉತ್ತರವಾಗಿ ಬೆಲೆಯೂ ಕೆಲವೊಮ್ಮೆ ‘ಇದು ಆಗದು’ ಎಂಬ ಮಾತೂ ಬರುತ್ತದೆ. ಪಳಗಿದ ಡೀಲರ್ ಗಿರಾಕಿಯ ಆಸೆಗಳಲ್ಲಿ ಒಂದಕ್ಕೊಂದು ಹೊಂದದವನ್ನು ಕಾಗದಕ್ಕಿಳಿಯುವ ಮೊದಲೇ ಬಿಡಿಸಿಹೇಳುತ್ತಾನೆ. ಕೆಲವು ವರ್ತಕರು ತಾವೇ ನಜರೆತ್‌ಗೆ ಹೋಗಿ, ಒಂದೇ ದಿಮ್ಮಿಯಿಂದ ಅಕ್ಕಪಕ್ಕ ಸೀಳಿದ ಜೋಡಿ ಹಲಗೆಗಳನ್ನು ಪುಸ್ತಕದಂತೆ ಬಿಡಿಸಿ ಗೆರೆ ನೋಡುತ್ತಾರೆ, ಮೂಲೆಯನ್ನು ಎರಡು ಬೆರಳಿನಲ್ಲಿ ತೂಗಿಹಿಡಿದು ಗೆಣ್ಣಿನಿಂದ ತಟ್ಟಿ, ನಾದ ಎಷ್ಟು ಹೊತ್ತು ನಿಲ್ಲುತ್ತದೆಂದು ಕಿವಿಗೊಡುತ್ತಾರೆ. ಬೇಕಾದ ಜೋಡಿಯ ಮೇಲೆ ಸೀಮೆಸುಣ್ಣದಲ್ಲೋ ಪೆನ್ಸಿಲಿನಲ್ಲೋ ಗುರುತು ಹಾಕಿ ಬದಿಗಿಡುತ್ತಾರೆ. ಆ ಗುರುತು ಹಲಗೆ ತೆಳುವಾಗುವಾಗ ರಂದದ ಹೊಟ್ಟಿನೊಡನೆ ಹೋಗಿಬಿಡುತ್ತದೆ. ಗಿಟಾರ್ ಮುಗಿದಾಗ ಕತ್ತಿನ ಬುಡದ ಮರದ ಮೇಲೆ ಉಳಿಯುವುದು ಕಂಪನಿಯ ಹೆಸರು, ನಜರೆತ್ ಎಂಬ ಊರು, ಕ್ರಮಸಂಖ್ಯೆ, ಮತ್ತು ಕಸ್ಟಮ್ ಎಂಬ ಒಂದು ಮಾತು. ಮಾಡಿಸಿದ ಅಂಗಡಿ ಯಾವುದೆಂದು ತಿಳಿಯಬೇಕಾದವರು ಆ ಸಂಖ್ಯೆ ಹಿಡಿದು ಕಾರ್ಖಾನೆಯ ದಫ್ತರವನ್ನು ಕೇಳಬೇಕು.